ಜಾನ್ ಸೋನ್‌ನ ಕಟ್ಟಡಗಳನ್ನು ನೋಡುವ ಬಗೆ: ಲಂಡನ್ನಿನಲ್ಲಿ ಎರಡು ದಿನ

ಲಂಡನ್ನಿನಲ್ಲಿ ಸರ್ ಜಾನ್ ಸೋನ್‌ನ ವಾಸ್ತುಶಿಲ್ಪವನ್ನು ನೋಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲ ದಿನವೇ ಲಿಂಕನ್ಸ್ ಇನ್ ಫೀಲ್ಡ್ಸ್ ಚೌಕದ 13ನೇ ನಂಬರಿನ ಮನೆಗೆ, ಅಂದರೆ ಅವನ ಹೆಸರಿನಲ್ಲೇ ಇರುವ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಾರೆ. ನಾನೂ ಹಾಗೆಯೇ ಮಾಡಿದೆ. ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ ಮೂರೂವರೆಗೆ ಒಳಹೊಕ್ಕು, ಗೋಡೆಯ ಮೇಲೆ ಅಂಗೈಯಷ್ಟು ಜಾಗವನ್ನೂ ಬಿಡದಂತೆ ಜೋಡಿಸಿದ್ದ ಶಿಲ್ಪದ ತುಣುಕುಗಳನ್ನೂ ಹೂಜಿಗಳನ್ನೂ ಚಿತ್ರಗಳನ್ನೂ ಒಂದೊಂದಾಗಿ ನೋಡುತ್ತ ಹೋಗಿ, ಬಾಗಿಲು ಹಾಕುವ ಹೊತ್ತಿಗೆ ಬೀದಿಗೆ ಬಂದಾಗ ನನಗೆ ಸಾಮಾನುಗಳು ನೆನಪಿದ್ದವೇ ಹೊರತು ಮನೆ ನೆನಪಿರಲಿಲ್ಲ. ಆ ಮನೆಯನ್ನು ಕೊನೆಗೆ ನೋಡಬೇಕು, ಅದಕ್ಕೆ ಮೊದಲು ಅದೇ ಕೈಯಿಂದ ಬಂದ, ಅದಕ್ಕಿಂತ ಸರಳವಾದ ನಾಲ್ಕಾರು ಕಟ್ಟಡಗಳಲ್ಲಿ ಕಣ್ಣು ಪಳಗಬೇಕು ಎಂಬುದು ಎರಡನೆಯ ಸಲ ಹೋದಾಗ ಗೊತ್ತಾಯಿತು. ಮುಂದೆ ಬರೆದಿರುವುದು ಆ ಕ್ರಮವನ್ನೇ. ಎರಡು ಇಡೀ ದಿನಗಳು ಕೈಯಲ್ಲಿದ್ದರೆ ಇದನ್ನು ಅವಸರವಿಲ್ಲದೆ ಮುಗಿಸಬಹುದು.

ಸೋನ್‌ನ ಯಾವ ಕಟ್ಟಡದೊಳಗೆ ಕಾಲಿಟ್ಟರೂ ಮೊದಲು ಮಾಡಬೇಕಾದ ಕೆಲಸ ಒಂದೇ: ತಲೆಯೆತ್ತಿ, ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು. ಕಂಬಗಳನ್ನು ಎಣಿಸುವುದು, ಯಾವ ಶೈಲಿ ಎಂದು ಗುರುತಿಸುವುದು, ಯಾವ ಇಸವಿ ಎಂದು ಕೇಳುವುದು ಎಲ್ಲ ಆಮೇಲೆ. ತೊಟ್ಟಿಮನೆಯನ್ನು ಕಂಡವರಿಗೆ ಮೇಲಿನಿಂದ ಇಳಿಯುವ ಬೆಳಕು ಹೊಸದೇನಲ್ಲ. ಆದರೆ ತೊಟ್ಟಿಯಲ್ಲಿ ಆಕಾಶವೇ ಕಾಣುತ್ತದೆ. ಸೋನ್ ಬೆಳಕಿಂಡಿಯನ್ನು ಗುಮ್ಮಟದ ಅಂಚಿನ ಹಿಂದೆ, ಕಮಾನಿನ ಮರೆಯಲ್ಲಿ, ಗೋಡೆಗೂ ತಾರಸಿಗೂ ನಡುವಿನ ಸಂದಿಯಲ್ಲಿ ಬಚ್ಚಿಟ್ಟು, ಬೆಳಗಿದ ಗೋಡೆಯನ್ನು ಮಾತ್ರ ನಮಗೆ ತೋರಿಸುತ್ತಾನೆ. ಬೆಳಕಿನ ಮೂಲ ಕಣ್ಣಿಗೆ ಬೀಳದ ಈ ಪರಿಣಾಮವನ್ನು ಅವನು ಫ್ರೆಂಚ್ ಲೇಖಕರಿಂದ ಕಡ ತಂದ ಮಾತಿನಲ್ಲಿ 'ನಿಗೂಢ ಬೆಳಕು' ಎಂದು ಕರೆದ. ಅವನ ಕಟ್ಟಡಗಳಲ್ಲಿ ಆ ಮೂಲವನ್ನು ಹುಡುಕುವ ಆಟವೇ ನೋಡುವ ಕಲೆಯ ಮುಕ್ಕಾಲು ಪಾಲು.

ಉಳಿದ ಕಾಲು ಪಾಲಿಗೆ ಸ್ವಲ್ಪ ಪೂರ್ವಸಿದ್ಧತೆ ಬೇಕು. 18ನೇ ಶತಮಾನದ ನಡುಭಾಗದಲ್ಲಿ ಪಾಂಪೆಯ ಉತ್ಖನನಗಳೂ ಅಥೆನ್ಸಿನ ದೇಗುಲಗಳನ್ನು ಅಳತೆ ಹಿಡಿದು ಬರೆದ ನಕ್ಷೆಗಳೂ ಯೂರೋಪಿನ ವಾಸ್ತುಶಿಲ್ಪಿಗಳ ಕೈಗೆ ಬಂದಾಗ, ಗ್ರೀಕ್ ಮತ್ತು ರೋಮನ್ ಕಟ್ಟಡಗಳ ನಿಯಮಗಳನ್ನು ಮೂಲದಿಂದಲೇ ಕಲಿತು ಹೊಸದಾಗಿ ಕಟ್ಟಬೇಕೆಂಬ ಹಂಬಲ ಹುಟ್ಟಿತು. ಅದನ್ನೇ ನಿಯೋಕ್ಲಾಸಿಕಲ್ ಅಥವಾ ನವಶಾಸ್ತ್ರೀಯ ಶೈಲಿ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ರಾಬರ್ಟ್ ಆಡಮ್ ಮತ್ತು ವಿಲಿಯಂ ಚೇಂಬರ್ಸ್ ಇದರ ಹಿರಿಯ ತಲೆಮಾರಿನವರಾದರೆ, 1753ರಲ್ಲಿ ಹುಟ್ಟಿದ ಸೋನ್ ಅವರ ನಂತರದವನು. ಡೋರಿಕ್, ಅಯೋನಿಕ್, ಕೊರಿಂಥಿಯನ್ ಎಂಬ ಮೂರು ಬಗೆಯ ಕಂಬಗಳನ್ನು ಅವುಗಳ ಬೋದಿಗೆಯಿಂದ, ಅಂದರೆ ಕಂಬದ ತಲೆಯ ಭಾಗದಿಂದ, ಗುರುತಿಸಲು ಬಂದರೆ ಸಾಕು: ಬೋದಿಗೆ ಬರಿಯ ಬಿಲ್ಲೆಯಂತಿದ್ದರೆ ಡೋರಿಕ್, ಎರಡು ಪಕ್ಕದಲ್ಲೂ ಸುರುಳಿಯಿದ್ದರೆ ಅಯೋನಿಕ್, ಎಲೆಗಳ ಗೊಂಚಲಿದ್ದರೆ ಕೊರಿಂಥಿಯನ್. ಇದು ಗೊತ್ತಿರಬೇಕಾದದ್ದು ಸೋನ್ ಏನನ್ನು ಹಾಕಿದ್ದಾನೆಂದು ತಿಳಿಯಲಿಕ್ಕಲ್ಲ, ಏನನ್ನು ಕಿತ್ತುಹಾಕಿದ್ದಾನೆಂದು ತಿಳಿಯಲಿಕ್ಕೆ. ಅವನು 1806ರಿಂದ ರಾಯಲ್ ಅಕಾಡೆಮಿಯಲ್ಲಿ ವಾಸ್ತುಶಿಲ್ಪದ ಪ್ರಾಧ್ಯಾಪಕನಾಗಿ ನಿಯಮಗಳನ್ನು ಪಾಠ ಹೇಳುತ್ತಿದ್ದವನು. ಆದರೆ ತನ್ನ ಕೋಣೆಗಳಲ್ಲಿ ಬೋದಿಗೆ ಇರಬೇಕಾದ ಕಡೆ ಗಾರೆಯ ಮೇಲೆ ಎರಡು ತೆಳುವಾದ ಗೀರುಗಳನ್ನು ಕೊರೆದು ಸುಮ್ಮನಾಗುತ್ತಿದ್ದ. ಗೋಡೆಯ ಮೇಲೆ ಇಂಥ ಕೊರೆದ ಗೀರು ಕಂಡರೆ ಅದು ಸೋನ್‌ನ ರುಜು ಎಂದು ತಿಳಿಯಿರಿ. ಅವನ ಕಾಲದ ಟೀಕಾಕಾರರು ಇದನ್ನು ಬಹಳ ಗೇಲಿ ಮಾಡಿದರು.

ಎರಡನೆಯ ಗುರುತು ಗುಮ್ಮಟ. ಒಂದು ಕರವಸ್ತ್ರದ ನಾಲ್ಕು ಮೂಲೆಗಳನ್ನು ನಾಲ್ಕು ಗೂಟಗಳಿಗೆ ಕಟ್ಟಿ, ಕೆಳಗಿನಿಂದ ಗಾಳಿ ಊದಿದರೆ ನಡುವೆ ಅದು ಹೇಗೆ ಉಬ್ಬಿಕೊಳ್ಳುತ್ತದೋ ಅದೇ ಸೋನ್‌ನ ಗುಮ್ಮಟ. ಬಿಜಾಪುರದ ಗೋಳಗುಮ್ಮಟದಂತೆ ಅದು ಗೋಡೆಗಳ ಮೇಲೆ ಭಾರವಾಗಿ ಕೂರುವುದಿಲ್ಲ. ನಾಲ್ಕು ಮೂಲೆಗಳಲ್ಲಿ ಮಾತ್ರ ನೆಲೆ ಕಂಡು, ನಾಲ್ಕು ಬದಿಯಲ್ಲೂ ಕಮಾನಿನಂತೆ ತೆರೆದಿರುತ್ತದೆ. ಬದಿಗಳು ತೆರೆದಿರುವುದರಿಂದಲೇ ಅದರ ಆಚೆಗೆ ಬೆಳಕಿಂಡಿಯನ್ನು ಅಡಗಿಸಲು ಸಾಧ್ಯವಾಗುತ್ತದೆ. ಆಕಾರ ಮತ್ತು ಬೆಳಕು ಹೀಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡಬೇಕು.

ದಿನಗಳ ಆಯ್ಕೆಯಲ್ಲಿ ಎಚ್ಚರ ತಪ್ಪಿದರೆ ಬಾಗಿಲ ಮುಂದೆ ನಿಂತು ಹಿಂದಿರುಗಬೇಕಾಗುತ್ತದೆ. ಬ್ಯಾಂಕ್ ಆಫ್ ಇಂಗ್ಲೆಂಡಿನ ವಸ್ತುಸಂಗ್ರಹಾಲಯ ಶನಿವಾರ, ಭಾನುವಾರ ತೆರೆಯುವುದಿಲ್ಲ. ಡಲ್ವಿಚ್ ಚಿತ್ರಶಾಲೆಗೆ ಸೋಮವಾರ ರಜೆ. ಸೋನ್‌ನ ಮನೆ ಸೋಮವಾರ, ಮಂಗಳವಾರ ಎರಡೂ ದಿನ ಮುಚ್ಚಿರುತ್ತದೆ. ಆದ್ದರಿಂದ ಬುಧವಾರ-ಗುರುವಾರ ಅಥವಾ ಗುರುವಾರ-ಶುಕ್ರವಾರದ ಜೋಡಿ ಒಳ್ಳೆಯದು. ಹೊರಡುವ ಮುನ್ನ ಆಯಾ ಸಂಸ್ಥೆಯ ವೇಳಾಪಟ್ಟಿಯನ್ನು ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ಚಳಿಗಾಲದಲ್ಲಿ ಲಂಡನ್ನಿನ ಸೂರ್ಯ ನಾಲ್ಕು ಗಂಟೆಗೇ ಮುಳುಗುವುದರಿಂದ, ಬೆಳಕನ್ನೇ ಸರಕಾಗಿ ಬಳಸಿದ ಮನುಷ್ಯನ ಕೆಲಸವನ್ನು ನೋಡಲು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳೇ ಸರಿ. ಮೋಡ ಮತ್ತು ಬಿಸಿಲು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ದಿನ ಸಿಕ್ಕಿದರೆ ಅದೃಷ್ಟ. ಜೇಬಿನಲ್ಲಿ ಒಂದು ಪುಟ್ಟ ಕನ್ನಡಿ ಇರಲಿ: ಅದನ್ನು ಸೊಂಟದ ಮಟ್ಟದಲ್ಲಿ ಅಂಗೈ ಮೇಲೆ ಹಿಡಿದರೆ ಕುತ್ತಿಗೆ ನೋಯಿಸಿಕೊಳ್ಳದೆ ಗುಮ್ಮಟವನ್ನು ಎಷ್ಟು ಹೊತ್ತಾದರೂ ನೋಡಬಹುದು. ಒಂದು ಬಿಳಿ ಹಾಳೆಯೂ ಇರಲಿ. ಅದರ ಉಪಯೋಗವನ್ನು ಡಲ್ವಿಚ್‌ನಲ್ಲಿ ಹೇಳುತ್ತೇನೆ.

ಮೊದಲ ದಿನದ ಬೆಳಗ್ಗೆ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಹಿಂದಿರುವ ಹಳೆಯ ಸೇಂಟ್ ಪ್ಯಾಂಕ್ರಾಸ್ ಚರ್ಚಿನ ಆವರಣಕ್ಕೆ ಹೋಗಿ. ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಅಲ್ಲಿ ಮರಗಳ ನಡುವೆ, ಕಬ್ಬಿಣದ ಕಟಕಟೆಯೊಳಗೆ ಸೋನ್ ಕುಟುಂಬದ ಸಮಾಧಿ ಇದೆ. ನಾಲ್ಕು ಮೂಲೆಗಳಲ್ಲಿ ಚೌಕನೆಯ ಕಂಬಗಳು, ಅವುಗಳ ಮೇಲೆ ನಾನು ಹೇಳಿದ ಕರವಸ್ತ್ರದ ಉಬ್ಬು, ಅದರ ತುದಿಯಲ್ಲಿ ಅನಾನಸಿನ ಆಕಾರ, ಅದರ ಕೆಳಗೆ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿರುವ ಹಾವು. ಒಳಗೆ ಇನ್ನೊಂದು ಪುಟ್ಟ ಮಂಟಪ, ಅದರೊಳಗೆ ಅಮೃತಶಿಲೆಯ ಫಲಕ. ಸೋನ್‌ನ ಇಡೀ ವ್ಯಾಕರಣವನ್ನು ಒಂದು ಸುತ್ತು ಹಾಕುವುದರೊಳಗೆ ಓದಿ ಮುಗಿಸಬಹುದಾದ್ದರಿಂದ ಪಾಠಕ್ಕೆ ಇದೇ ಮೊದಲ ಪುಟ. ಸುತ್ತುವಾಗ ಗಮನಿಸಬೇಕಾದದ್ದು, ಹೊರಗಿನ ಮಂಟಪಕ್ಕೂ ಒಳಗಿನದಕ್ಕೂ ನಡುವಿನ ಖಾಲಿ ಜಾಗ. ಗೂಡಿನೊಳಗೊಂದು ಗೂಡು ಇಟ್ಟು, ನಡುವಿನ ಸಂದಿಯಲ್ಲಿ ಬೆಳಕು ಓಡಾಡುವಂತೆ ಮಾಡುವುದು ಅವನು ಮನೆಯಲ್ಲೂ ಬ್ಯಾಂಕಿನಲ್ಲೂ ಮಾಡಿದ ಕೆಲಸವೇ.

ಈ ಸಮಾಧಿಯ ಹಿಂದೆ ಕಹಿಯಾದ ಸಂಗತಿಯೊಂದಿದೆ. 1815ರಲ್ಲಿ ಪತ್ರಿಕೆಯೊಂದರಲ್ಲಿ ಸೋನ್‌ನ ವಾಸ್ತುಶಿಲ್ಪವನ್ನು ಹೀನಾಯವಾಗಿ ಹಳಿದ ಎರಡು ಅನಾಮಧೇಯ ಲೇಖನಗಳು ಬಂದವು. ಬರೆದವನು ಅವನ ಕಿರಿಯ ಮಗ ಜಾರ್ಜ್. ಆಗಲೇ ಕಾಯಿಲೆಯಿದ್ದ ತಾಯಿ ಎಲಿಜಬೆತ್ ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡಳು, ಮಗನನ್ನು ಸೋನ್ ಎಂದೂ ಕ್ಷಮಿಸಲಿಲ್ಲ. ಮರುವರ್ಷ ಅವಳಿಗಾಗಿ ಕಟ್ಟಿದ ಈ ಸಮಾಧಿಗೆ 1823ರಲ್ಲಿ ಹಿರಿಯ ಮಗ, 1837ರಲ್ಲಿ ಸ್ವತಃ ಸೋನ್ ಬಂದು ಸೇರಿದರು. ಆವರಣದಿಂದ ಹೊರಬಿದ್ದ ಮೇಲೆ ಲಂಡನ್ನಿನ ಬೀದಿಯ ಕೆಂಪು ಟೆಲಿಫೋನ್ ಗೂಡು ಕಂಡರೆ ಅದರ ತಲೆಯನ್ನು ನೋಡಿ. ಗೂಡಿನ ಮೊದಲ ಕೆಂಪು ಮಾದರಿಯನ್ನು 1924ರ ಸ್ಪರ್ಧೆಗಾಗಿ ರೂಪಿಸಿದವನು ಜೈಲ್ಸ್ ಗಿಲ್ಬರ್ಟ್ ಸ್ಕಾಟ್. ಸೋನ್ ವಸ್ತುಸಂಗ್ರಹಾಲಯದ ಟ್ರಸ್ಟಿಗಳಲ್ಲಿ ಒಬ್ಬನಾಗಿದ್ದ ಅವನಿಗೆ ಈ ಸಮಾಧಿಯ ಉಬ್ಬೇ ಸ್ಫೂರ್ತಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕಣ್ಣಾರೆ ಎರಡನ್ನೂ ನೋಡಿದವರಿಗೆ ಅನುಮಾನ ಉಳಿಯುವುದಿಲ್ಲ.

ಕಿಂಗ್ಸ್ ಕ್ರಾಸ್‌ನಿಂದ ನಾರ್ದರ್ನ್ ಲೈನ್ ಹಿಡಿದರೆ ಬ್ಯಾಂಕ್ ನಿಲ್ದಾಣಕ್ಕೆ ನೇರ ರೈಲು. ಇಟ್ಟಿಗೆ ಕೆಲಸದವನ ಮಗನಾಗಿ ಹುಟ್ಟಿ, ಹದಿನೈದರ ವಯಸ್ಸಿಗೆ ಜಾರ್ಜ್ ಡಾನ್ಸ್ ಎಂಬ ವಾಸ್ತುಶಿಲ್ಪಿಯ ಬಳಿ ಕೆಲಸ ಕಲಿಯಲು ಸೇರಿ, ರಾಯಲ್ ಅಕಾಡೆಮಿಯ ಚಿನ್ನದ ಪದಕದ ಬಲದಿಂದ 1778ರಲ್ಲಿ ರಾಜನ ವೇತನ ಪಡೆದು ಇಟಲಿಗೆ ಹೋಗಿಬಂದ ಸೋನ್‌ಗೆ, 1788ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯ ಹುದ್ದೆ ಸಿಕ್ಕಿದ್ದು ಬಾಳಿನ ತಿರುವು. ಮುಂದಿನ 45 ವರ್ಷ ಅವನು ಆ ಮೂರೂವರೆ ಎಕರೆಯ ಜಾಗವನ್ನು ಒಂದೊಂದೇ ಕೋಣೆಯಾಗಿ ಕಟ್ಟುತ್ತ, ಕೆಡವುತ್ತ, ಮತ್ತೆ ಕಟ್ಟುತ್ತ ಹೋದ. ಬ್ಯಾಂಕಿನ ಮುಂದೆ ನಿಂತಾಗ ಮೊದಲು ನೋಡಬೇಕಾದದ್ದು ಕಿಟಕಿಯೇ ಇಲ್ಲದ ಆ ಉದ್ದನೆಯ ಹೊರಗೋಡೆಯನ್ನು. 1780ರ ಗಾರ್ಡನ್ ದಂಗೆಯಲ್ಲಿ ಜನಸಮೂಹ ಬ್ಯಾಂಕಿನ ಮೇಲೆ ಏರಿಬಂದಿತ್ತು. ಆ ಭಯ ಬ್ಯಾಂಕಿನವರ ಮನಸ್ಸಿನಿಂದ ಹೋಗಿರಲಿಲ್ಲ. ಬೀದಿಗೆ ಕಿಟಕಿ ಇಡುವಂತಿಲ್ಲ ಎಂದಮೇಲೆ ಒಳಗಿನ ಕಚೇರಿಗಳಿಗೆ ಬೆಳಕು ಬರಬೇಕಾದದ್ದು ನೆತ್ತಿಯಿಂದಲೇ. ಸೋನ್‌ನ ಮೇಲ್ಬೆಳಕಿನ ಹುಚ್ಚನ್ನು ಕವಿತ್ವವೆಂದು ಹೊಗಳುವವರು ಈ ಕುರುಡು ಗೋಡೆಯನ್ನು ಮರೆಯಬಾರದು. ಆ ಕವಿತ್ವದ ಒಂದು ಕಾಲು ಕಾವಲಿನ ಲೆಕ್ಕಾಚಾರದ ಮೇಲೆ ನಿಂತಿದೆ.

ಗೋಡೆಯನ್ನು ಅನುಸರಿಸಿ ಪ್ರಿನ್ಸಸ್ ಸ್ಟ್ರೀಟ್ ಮತ್ತು ಲಾತ್‌ಬರಿ ಕೂಡುವ ಮೂಲೆಗೆ ಹೋದರೆ, ಗೋಡೆ ಅಲ್ಲಿ ಗುಂಡಗೆ ತಿರುಗಿ ಕೊರಿಂಥಿಯನ್ ಕಂಬಗಳನ್ನು ಹೊತ್ತು ನಿಂತಿರುವುದು ಕಾಣುತ್ತದೆ. ಇದು ಟಿವೊಲಿ ಮೂಲೆ: ಇಟಲಿಯ ಟಿವೊಲಿಯಲ್ಲಿ ಬೆಟ್ಟದಂಚಿನ ಮೇಲಿರುವ ವೆಸ್ಟಾ ದೇಗುಲವನ್ನು ಯುವಕ ಸೋನ್ ಅಳತೆ ಹಿಡಿದು ಬರೆದುಕೊಂಡಿದ್ದ, ಅದನ್ನು 1805ರ ಹೊತ್ತಿಗೆ ಲಂಡನ್ನಿನ ಬೀದಿಯ ತಿರುವಿಗೆ ಹೊಂದಿಸಿದ. ಈಗ ತಲೆಯೆತ್ತಿ ಗೋಡೆಯ ಮೇಲೆ ಏಳೆಂಟು ಅಂತಸ್ತು ಎದ್ದಿರುವ ದೊಡ್ಡ ಕಟ್ಟಡವನ್ನೂ ನೋಡಿ. ಅದು ಸೋನ್‌ನದಲ್ಲ. 1925ರಿಂದ 1939ರವರೆಗೆ ಹರ್ಬರ್ಟ್ ಬೇಕರ್ ಹೊರಗೋಡೆಯನ್ನು ಮಾತ್ರ ಉಳಿಸಿಕೊಂಡು, ಅದರಲ್ಲೂ ಅಲ್ಲಲ್ಲಿ ಕೈಯಾಡಿಸಿ, ಒಳಗಿನದನ್ನೆಲ್ಲ ನೆಲಸಮ ಮಾಡಿ ಕಟ್ಟಿದ್ದು. ನಮ್ಮವರಿಗೆ ಈ ಬೇಕರ್ ಅಪರಿಚಿತನಲ್ಲ. ದೆಹಲಿಯ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳನ್ನು ಕಟ್ಟಿದವನೂ, ಹಳೆಯ ಸಂಸತ್ ಭವನವನ್ನು ಲಟ್ಯೆನ್ಸ್ ಜೊತೆ ರೂಪಿಸಿದವನೂ ಇವನೇ. ದೆಹಲಿಯ ಕೆಲಸವನ್ನು ಮೆಚ್ಚುವವರಿಗೂ ಇಲ್ಲಿ ಅವನನ್ನು ಮನ್ನಿಸುವುದು ಕಷ್ಟವೇ.

ಹಾಗಾದರೆ ಒಳಗೆ ನೋಡುವುದೇನು? ಬಾರ್ತಲೋಮ್ಯೂ ಲೇನ್ ಕಡೆಯ ಬಾಗಿಲಿನಿಂದ ಬ್ಯಾಂಕಿನ ವಸ್ತುಸಂಗ್ರಹಾಲಯವನ್ನು ಹೊಕ್ಕರೆ, ಸೋನ್ 1790ರ ದಶಕದ ಆರಂಭದಲ್ಲಿ ಕಟ್ಟಿದ ಬ್ಯಾಂಕ್ ಸ್ಟಾಕ್ ಆಫೀಸನ್ನು 1980ರ ದಶಕದಲ್ಲಿ ಹಳೆಯ ನಕ್ಷೆಗಳ ಆಧಾರದ ಮೇಲೆ ಮತ್ತೆ ಕಟ್ಟಿ ಇಟ್ಟಿದ್ದಾರೆ. ನಕಲು ಎಂದು ಮೂಗು ಮುರಿಯುವ ಅಗತ್ಯವಿಲ್ಲ. ಅಳತೆ, ಗೀರು, ಬೆಳಕಿನ ಹಾದಿ ಎಲ್ಲ ಅವನವೇ. ಕೋಣೆಯ ನಟ್ಟನಡುವೆ ನಿಂತು ಕನ್ನಡಿ ಹಿಡಿಯಿರಿ. ಕಮಾನುಗಳು ಗೋಡೆಯಿಂದ ಹೊರಟು ಎಲ್ಲೂ ಬೋದಿಗೆಯಿಂದ ತಡೆಯಾಗದೆ ಒಂದೇ ಬೀಸಿಗೆ ಮೇಲೇರುತ್ತವೆ, ಕಂಬ ಎಲ್ಲಿ ಮುಗಿದು ಕಮಾನು ಎಲ್ಲಿ ಶುರುವಾಯಿತೆಂದು ಹೇಳಲು ಗೀರುಗಳಷ್ಟೇ ಸಾಕ್ಷಿ. ಮೂಲ ಕೋಣೆಯ ಚಾವಣಿಯಲ್ಲಿ ಸೋನ್ ಮರವನ್ನು ಬಿಟ್ಟು, ಸುಟ್ಟ ಮಣ್ಣಿನ ಟೊಳ್ಳು ಕುಡಿಕೆಗಳನ್ನು ಗಾರೆಯಲ್ಲಿ ಕೂಡಿಸಿ ಕಮಾನು ಕಟ್ಟಿಸಿದ್ದ: ಕುಡಿಕೆ ಟೊಳ್ಳಾದ್ದರಿಂದ ಚಾವಣಿಯ ಭಾರ ಕಡಿಮೆ, ಭಾರ ಕಡಿಮೆಯಾದ್ದರಿಂದ ಆಸರೆಗಳು ಸಣ್ಣವು, ಆಸರೆ ಸಣ್ಣದಾದ್ದರಿಂದ ಬೆಳಕಿಗೆ ಜಾಗ ಹೆಚ್ಚು, ಜೊತೆಗೆ ಬೆಂಕಿಯ ಭಯವೂ ಇಲ್ಲ. ಕುಂಬಾರನ ಸರಕು ಸಾಮ್ರಾಜ್ಯದ ಖಜಾನೆಯ ನೆತ್ತಿಯನ್ನು ಹೊತ್ತಿತ್ತು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ವಿವರ.

ಬ್ಯಾಂಕಿನಿಂದ ಲಂಡನ್ ಬ್ರಿಡ್ಜ್ ಒಂದೇ ನಿಲ್ದಾಣ. ಅಲ್ಲಿಂದ ರೈಲಿನಲ್ಲಿ ನಾರ್ತ್ ಡಲ್ವಿಚ್‌ಗೆ ಹೋಗಿ, ಹತ್ತು-ಹದಿನೈದು ನಿಮಿಷ ನಡೆದರೆ ಡಲ್ವಿಚ್ ಚಿತ್ರಶಾಲೆ. ಎರಡು ದಿನ ಇಲ್ಲದೆ ಒಂದೇ ಮಧ್ಯಾಹ್ನ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇಲ್ಲಿನ ಚಿತ್ರಗಳ ಕಥೆಯೇ ವಿಚಿತ್ರ: ನೋಯೆಲ್ ಡಿಸೆನ್‌ಫಾನ್ಸ್ ಮತ್ತು ಫ್ರಾನ್ಸಿಸ್ ಬೂರ್ಜ್ವಾ ಎಂಬ ಇಬ್ಬರು ವ್ಯಾಪಾರಿಗಳು ಪೋಲೆಂಡಿನ ದೊರೆಗಾಗಿ ಸಂಗ್ರಹಿಸಿದ್ದ ಚಿತ್ರಗಳು, ದೊರೆಯೂ ಅವನ ರಾಜ್ಯವೂ ಇಲ್ಲವಾದ ಮೇಲೆ ಕೈಯಲ್ಲೇ ಉಳಿದವು. 1811ರಲ್ಲಿ ತೀರಿಕೊಂಡ ಬೂರ್ಜ್ವಾ ಅವನ್ನೆಲ್ಲ ಡಲ್ವಿಚ್ ಕಾಲೇಜಿಗೆ ಉಯಿಲು ಬರೆದು, ಚಿತ್ರಶಾಲೆಯನ್ನು ತನ್ನ ಸ್ನೇಹಿತ ಸೋನ್ ಕಟ್ಟಬೇಕೆಂದೂ, ತಾನೂ ಡಿಸೆನ್‌ಫಾನ್ಸ್ ದಂಪತಿಗಳೂ ಅಲ್ಲೇ ಸಮಾಧಿಯಲ್ಲಿ ಮಲಗಬೇಕೆಂದೂ ಕೇಳಿಕೊಂಡ. ಕೈಗೆ ಬಂದ ಹಣ ಕಡಿಮೆ. ಹೊರಗಿನಿಂದ ನೋಡಿದರೆ ಅದು ಕಾಣುತ್ತದೆ: ಕಂಬಗಳ ಸಾಲಿಲ್ಲ, ಮುಖಮಂಟಪವಿಲ್ಲ, ಲಂಡನ್ನಿನ ಸಾಧಾರಣ ಹಳದಿ-ಕಂದು ಇಟ್ಟಿಗೆಯ ಗೋಡೆಗಳು. ಇಟ್ಟಿಗೆಯಲ್ಲೇ ಗೋಡೆಯನ್ನು ಒಂದು ಪದರ ಹಿಂದೆ, ಒಂದು ಪದರ ಮುಂದೆ ಸರಿಸಿ ನೆರಳಿನ ಗೆರೆಗಳನ್ನು ತೆಗೆದಿರುವುದನ್ನು ಹತ್ತಿರ ಹೋಗಿ ನೋಡಬೇಕು. ಇಟ್ಟಿಗೆ ಕೆಲಸದವನ ಮಗನಿಗೆ ಈ ಬಡತನ ಒಗ್ಗಿತು ಎನಿಸುತ್ತದೆ.

ಒಳಗೆ ಹೋದಮೇಲೆ ಚಿತ್ರಗಳ ಹತ್ತಿರ ಹೋಗುವ ಮುನ್ನ ಒಂದು ತುದಿಯಲ್ಲಿ ನಿಂತು ಕೋಣೆಯಿಂದ ಕೋಣೆಗೆ ಕಮಾನುಗಳ ಮೂಲಕ ಇನ್ನೊಂದು ತುದಿಯವರೆಗೆ ನೋಟ ಹಾಯಿಸಿ. ಗೋಡೆಗಳಲ್ಲಿ ಕಿಟಕಿಯಿಲ್ಲ, ಪ್ರತಿ ಕೋಣೆಯ ನೆತ್ತಿಯಲ್ಲೂ ಲಾಂದ್ರದಂಥ ಗಾಜಿನ ಗೂಡು. ಕಿಟಕಿ ಗೋಡೆಯಲ್ಲಿದ್ದರೆ ಚಿತ್ರಕ್ಕೆ ಜಾಗ ಕಡಿಮೆಯಾಗುತ್ತದೆ, ಎದುರು ಗೋಡೆಯ ಚಿತ್ರದ ಮೇಲೆ ಹೊಳಪು ಬಿದ್ದು ಕಣ್ಣು ಕುಕ್ಕುತ್ತದೆ. ಮೇಲಿನಿಂದ ಬಂದ ಬೆಳಕು ಚಾವಣಿಯ ಓರೆಗೆ ತಾಗಿ ಮೆತ್ತಗಾಗಿ ಗೋಡೆಗೆ ಇಳಿಯುತ್ತದೆ. ಸಾರ್ವಜನಿಕರಿಗಾಗಿಯೇ ಇಂಗ್ಲೆಂಡಿನಲ್ಲಿ ಕಟ್ಟಿದ ಮೊದಲ ಚಿತ್ರಶಾಲೆ ಎಂಬ ಹೆಸರು ಇದಕ್ಕಿದೆ; 1817ರಲ್ಲಿ ಜನರಿಗೆ ತೆರೆದ ಈ ಚಿತ್ರಶಾಲೆಯ ಸರಳ ಉಪಾಯವನ್ನು ಆಮೇಲೆ ಎಷ್ಟೋ ದೇಶಗಳ ಚಿತ್ರಶಾಲೆಗಳು ಅನುಸರಿಸಿವೆ.

ಈಗ ಬಿಳಿ ಹಾಳೆಯ ಸರದಿ. ಸಾಲಿನ ನಡುವಿನ ಕೋಣೆಯಲ್ಲಿ ನಿಂತು ಹಾಳೆಯನ್ನು ಕೈಯಲ್ಲಿ ಹಿಡಿದು ಅದರ ಬಣ್ಣವನ್ನು ನೋಡಿಕೊಳ್ಳಿ. ಬಿಳಿ ಬಿಳಿಯಾಗಿಯೇ ಇರುತ್ತದೆ. ಹಾಗೆಯೇ ಹಿಡಿದುಕೊಂಡು ಪಡುವಣ ಬದಿಯ ಸಮಾಧಿಯ ಕೋಣೆಯೊಳಗೆ ನಾಲ್ಕು ಹೆಜ್ಜೆ ಇಡಿ. ಗುಂಡಗೆ ನಿಂತ ಡೋರಿಕ್ ಕಂಬಗಳನ್ನು ದಾಟುತ್ತಿದ್ದಂತೆ ಹಾಳೆ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಹಿಡಿದ ಬೆರಳುಗಳೂ ತಿರುಗುತ್ತವೆ. ಮೇಲಿನ ಗೂಡಿನ ಗಾಜು ಹಳದಿಯದು. ಹೊರಗೆ ಎಂಥ ಮೋಡವಿದ್ದರೂ ಒಳಗೆ ಸಂಜೆಬಿಸಿಲು. ಸತ್ತ ಮೂವರ ಶವಪೆಟ್ಟಿಗೆಗಳು ಆ ಬೆಳಕಿನಲ್ಲಿ ಮೂರು ಬದಿಯ ಗೂಡುಗಳಲ್ಲಿವೆ. ಒಂದು ಬಾಗಿಲಿನ ಈಚೆ ಕಲೆಯ ದಿನ, ಆಚೆ ಸಾವಿನ ಸಂಜೆ. ಅಷ್ಟಕ್ಕೂ ಖರ್ಚಾದದ್ದು ಕೆಲವು ಬಣ್ಣದ ಗಾಜುಗಳು. 1944ರ ಜುಲೈಯಲ್ಲಿ ಜರ್ಮನರ ಹಾರುವ ಬಾಂಬು ಬಿದ್ದು ಈ ಭಾಗ ಬಹಳ ಹಾನಿಗೊಂಡಿತ್ತು. ಈಗ ಕಾಣುವುದು ಯುದ್ಧದ ನಂತರ ಮೊದಲಿನಂತೆಯೇ ಕಟ್ಟಿದ ರೂಪ.

ಕಾಲಿಗೆ ಇನ್ನೂ ಶಕ್ತಿಯಿದ್ದರೆ ಹಿಂದಿರುಗುವ ದಾರಿಯಲ್ಲಿ ವಾಲ್ವರ್ತ್‌ನ ಸೇಂಟ್ ಪೀಟರ್ಸ್ ಚರ್ಚನ್ನು ಹೊರಗಿನಿಂದ ನೋಡಬಹುದು. 1820ರ ದಶಕದಲ್ಲಿ ಸೋನ್ ಲಂಡನ್ನಿನಲ್ಲಿ ಕಟ್ಟಿದ ಮೂರು ಚರ್ಚುಗಳಲ್ಲಿ ಅದು ಮೊದಲನೆಯದು. ನನ್ನ ಮಟ್ಟಿಗೆ ಚರ್ಚುಗಳಲ್ಲಿ ಅವನ ಮನಸ್ಸು ಪೂರ್ತಿ ಇರಲಿಲ್ಲ. ಸಮಯ ಕಡಿಮೆಯಿದ್ದರೆ ಬಿಟ್ಟರೂ ನಷ್ಟವಿಲ್ಲ. ಚೆಲ್ಸಿಯ ರಾಯಲ್ ಆಸ್ಪತ್ರೆಯ ಕುದುರೆಲಾಯವನ್ನು ಮಾತ್ರ, ಆ ಕಡೆ ಹೋದರೆ, ತಪ್ಪಿಸಬೇಡಿ: ಬರೀ ಇಟ್ಟಿಗೆಯಲ್ಲಿ ಕಮಾನಿನೊಳಗೆ ಕಮಾನು, ಅದರೊಳಗೆ ಕಮಾನು.

ಎರಡನೆಯ ದಿನ ಬೆಳಗ್ಗೆ ಈಲಿಂಗ್ ಬ್ರಾಡ್‌ವೇ ನಿಲ್ದಾಣಕ್ಕೆ ಹೋಗಿ ಪಿಟ್ಸ್‌ಹ್ಯಾಂಗರ್ ಮ್ಯಾನರ್ ನೋಡಬೇಕು. 1800ರಲ್ಲಿ ಈ ತೋಟದ ಮನೆಯನ್ನು ಕೊಂಡ ಸೋನ್, ಅದರ ನಡುಭಾಗವನ್ನು ಕೆಡವಿ ಮತ್ತೆ ಕಟ್ಟಿದರೂ ದಕ್ಷಿಣದ ರೆಕ್ಕೆಯನ್ನು ಮುಟ್ಟಲಿಲ್ಲ, ಏಕೆಂದರೆ ಅದು ಅವನ ಗುರು ಡಾನ್ಸ್ ಕಟ್ಟಿದ್ದು, ಹುಡುಗನಾಗಿದ್ದಾಗ ತಾನೇ ಕೆಲಸ ಮಾಡಿದ್ದು. ಮುಂಭಾಗದಲ್ಲಿ ನಾಲ್ಕು ಅಯೋನಿಕ್ ಕಂಬಗಳು ಗೋಡೆಯಿಂದ ಬಿಡಿಸಿಕೊಂಡು ಮುಂದೆ ನಿಂತಿವೆ, ಪ್ರತಿಯೊಂದರ ತಲೆಯ ಮೇಲೂ ಒಬ್ಬ ಸ್ತ್ರೀಯ ಪ್ರತಿಮೆ. ರೋಮಿನ ಕಾನ್‌ಸ್ಟಂಟೈನ್ ವಿಜಯದ ಕಮಾನನ್ನು ಕುಗ್ಗಿಸಿ ಮನೆಬಾಗಿಲಿಗೆ ತಂದಂತಿದೆ. ಕಂಬಗಳು ಇಲ್ಲಿ ಏನನ್ನು ಹೊತ್ತಿವೆ ಎಂದು ಕೇಳಿಕೊಳ್ಳಿ. ಪ್ರತಿಮೆಯೊಂದನ್ನು ಬಿಟ್ಟರೆ ಏನನ್ನೂ ಹೊತ್ತಿಲ್ಲ. ಮನೆಯ ಯಜಮಾನ ಯಾರೆಂದು ಸಾರುವುದೇ ಅವುಗಳ ಕೆಲಸ. ಇಬ್ಬರು ಗಂಡುಮಕ್ಕಳೂ ವಾಸ್ತುಶಿಲ್ಪಿಗಳಾಗಲಿ ಎಂಬ ಆಸೆಯಿಂದ ಕಟ್ಟಿದ ಮನೆಯಿದು. ಇಬ್ಬರೂ ಆಗಲಿಲ್ಲ, 1810ರಲ್ಲಿ ಅದನ್ನು ಮಾರಿದ. ಬಹುಕಾಲ ಊರಿನ ಗ್ರಂಥಾಲಯವಾಗಿದ್ದ ಮನೆ, ನಂತರ ಸೇರಿಸಿದ್ದನ್ನೆಲ್ಲ ತೆಗೆದು ಜೀರ್ಣೋದ್ಧಾರವಾಗಿ 2019ರಲ್ಲಿ ತೆರೆಯಿತು. ಒಳಗೆ ಬಾಗಿಲಿನಿಂದ ಕೆಲವೇ ಹೆಜ್ಜೆಯಲ್ಲಿ ಇಕ್ಕಟ್ಟಾದ ನಡವೆ ಹಠಾತ್ತನೆ ಮೇಲಕ್ಕೆ ತೆರೆದುಕೊಳ್ಳುವುದನ್ನೂ, ಉಪಾಹಾರದ ಕೋಣೆಯ ತಗ್ಗಾದ ಗುಮ್ಮಟದಲ್ಲಿ ಬರೆದಿರುವ ಆಕಾಶವನ್ನೂ ಗಮನಿಸಿ. ಇಲ್ಲಿ ಆಕಾಶವನ್ನು ಬಣ್ಣದಲ್ಲಿ ಬರೆದವನು ಹತ್ತು ವರ್ಷದ ಮೇಲೆ ಅದರ ಬದಲಿಗೆ ಬೆಳಕನ್ನೇ ಬಳಸಿದ.

ಹನ್ನೊಂದೂವರೆಗೆ ಈಲಿಂಗ್ ಬಿಟ್ಟು ಸೆಂಟ್ರಲ್ ಲೈನಿನಲ್ಲಿ ಹೊರಟರೆ, ಹಾಬರ್ನ್‌ನಲ್ಲಿ ಇಳಿದು ನಡುಹಗಲಿನ ಹೊತ್ತಿಗೆ ಸೋನ್‌ನ ಮನೆಯ ಮುಂದೆ ಇರಬಹುದು. ಪ್ರವೇಶಕ್ಕೆ ಹಣವಿಲ್ಲ, ಆದರೆ ಒಮ್ಮೆಗೆ ಹೆಚ್ಚು ಜನರನ್ನು ಬಿಡದ ಕಾರಣ ಸಾಲಿನಲ್ಲಿ ನಿಲ್ಲಬೇಕಾಗಬಹುದು. ನಿಂತಿರುವಾಗ ಮುಂಭಾಗವನ್ನು ಅಕ್ಕಪಕ್ಕದ ಮನೆಗಳೊಂದಿಗೆ ಹೋಲಿಸಿ: ಅವು ಇಟ್ಟಿಗೆಯವು, 13ನೇ ನಂಬರಿನ ಮುಖ ಮಾತ್ರ ಬಿಳಿಯ ಪೋರ್ಟ್‌ಲೆಂಡ್ ಕಲ್ಲಿನದು, ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಿದೆ. 1812ರಲ್ಲಿ ಆ ಭಾಗದ ಸರ್ವೇಯರ್ ಇದನ್ನು ಒತ್ತುವರಿ ಎಂದು ನ್ಯಾಯಾಲಯಕ್ಕೆ ಎಳೆದ, ಸೋನ್ ಗೆದ್ದ. ಕಲ್ಲಿನ ಮೇಲಿನ ಗೀರುಗಳನ್ನು ಗುರುತಿಸಿದಿರಾದರೆ ನಿನ್ನೆಯ ಪಾಠ ವ್ಯರ್ಥವಾಗಿಲ್ಲ.

ಒಳಗೆ ಹೋದಮೇಲೆ ಸಾಮಾನುಗಳ ಸೆಳೆತಕ್ಕೆ ಸಿಗದೆ ನೇರವಾಗಿ ಉಪಾಹಾರದ ಕೋಣೆಗೆ ಹೋಗಿ. ಊಟದ ಮೇಜು ಹಾಕಿದರೆ ನಾಲ್ಕು ಜನ ಕೂರಬಹುದಾದಷ್ಟು ಪುಟ್ಟ ಕೋಣೆ. ಕರವಸ್ತ್ರದ ಗುಮ್ಮಟ ಇಲ್ಲಿ ಎದೆಯೆತ್ತರಕ್ಕೆ ಇಳಿದು ಬಂದಂತೆ ಹತ್ತಿರದಲ್ಲಿದೆ. ಗುಮ್ಮಟ ಕೋಣೆಯಷ್ಟು ಅಗಲವಿಲ್ಲ ಎಂಬುದನ್ನು ನೋಡಿ. ಅದರ ಎರಡು ಬದಿಯ ಅಂಚಿನಾಚೆ ಚಾವಣಿ ಇಲ್ಲವೇ ಇಲ್ಲ, ಅಲ್ಲಿ ಕಣ್ಣಿಗೆ ಬೀಳದ ಗಾಜಿನಿಂದ ಬೆಳಕು ಗೋಡೆಯುದ್ದಕ್ಕೂ ಸುರಿಯುತ್ತದೆ. ಹೀಗಾಗಿ ಕೋಣೆಯ ನಡುವೆ ನೆರಳು, ಅಂಚುಗಳಲ್ಲಿ ಹಗಲು: ಕಿಟಕಿಯಿರುವ ಕೋಣೆಯಲ್ಲಿ ಎಂದೂ ಆಗದ ಏರ್ಪಾಡು. ಗುಮ್ಮಟದ ನಾಲ್ಕು ಮೂಲೆಗಳಲ್ಲೂ ಒಂದೊಂದು ಉಬ್ಬುಗನ್ನಡಿ. ಅವುಗಳಲ್ಲಿ ಯಾವುದಾದರೂ ಒಂದರ ಕೆಳಗೆ ನಿಂತು ನೋಡಿದರೆ ಇಡೀ ಕೋಣೆ, ಬೆಳಗಿದ ಗೋಡೆ, ನೀವು, ಎಲ್ಲ ಲಿಂಬೆಹಣ್ಣಿನಷ್ಟು ಗಾತ್ರದಲ್ಲಿ ಕಾಣುತ್ತೀರಿ. ಮೋಡ ಸರಿಯುವವರೆಗೆ ಅಲ್ಲೇ ಕಾಯಿರಿ. ಬಿಸಿಲು ಬಂದಾಗ ಮೊದಲು ಗೋಡೆ, ಆಮೇಲೆ ಕನ್ನಡಿಗಳು, ಕೊನೆಗೆ ಮೇಜು ಹೊತ್ತಿಕೊಳ್ಳುತ್ತವೆ.

ಚಿತ್ರಗಳ ಕೋಣೆ ಸುಮಾರು 13 ಅಡಿ ಚೌಕ. ಅದರಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು. ಗೋಡೆಗಳೇ ಬೀರುವಿನ ಬಾಗಿಲಿನಂತೆ ತಿರುಗಣಿಯ ಮೇಲೆ ತೆರೆದುಕೊಳ್ಳುತ್ತವೆ, ಒಂದರ ಹಿಂದೆ ಇನ್ನೊಂದು. 18ನೇ ಶತಮಾನದ ಇಂಗ್ಲಿಷ್ ಚಿತ್ರಕಾರ ಹೋಗಾರ್ತ್‌ನ 'ರೇಕ್ಸ್ ಪ್ರೋಗ್ರೆಸ್' ಸರಣಿಯ ಎಂಟು ಚಿತ್ರಗಳು ಇಲ್ಲಿವೆ. ಗೋಡೆಗಳನ್ನು ಸಿಬ್ಬಂದಿಯವರು ತೆರೆದು ತೋರಿಸುತ್ತಾರೆ. ಆ ಹೊತ್ತನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೊನೆಯ ಪದರ ತೆರೆದಾಗ ಹಿಂದೆ ಗೋಡೆಯೇ ಇರುವುದಿಲ್ಲ, ಕೆಳಗಿನ ಅಂತಸ್ತಿಗೆ ಬೆಳಕು ಇಳಿಯುವ ಬಾವಿ ಇರುತ್ತದೆ. ಅದೇ ಅಂತಸ್ತಿನಲ್ಲಿ ಈಜಿಪ್ಟಿನ ಫೇರೋ ಮೊದಲನೆಯ ಸೇಟಿಯ ಶವಪೆಟ್ಟಿಗೆ ಇರುವ ನೆಲಮಾಳಿಗೆ. 1817ರಲ್ಲಿ ಇಟಲಿಯ ಅನ್ವೇಷಕ ಬೆಲ್ಜೋನಿ ಕಂಡುಹಿಡಿದ ಅದನ್ನು ಬ್ರಿಟಿಷ್ ಮ್ಯೂಸಿಯಂ ದುಬಾರಿಯೆಂದು ಬೇಡವೆಂದಿತು; 1824ರಲ್ಲಿ ಸೋನ್ 2,000 ಪೌಂಡಿಗೆ ಕೊಂಡ, ಒಳಗೆ ತರಲು ಮನೆಯ ಹಿಂದಿನ ಗೋಡೆಯನ್ನು ಒಡೆಸಿದ, ಮರುವರ್ಷ ಮೂರು ರಾತ್ರಿ ಔತಣ ಕೊಟ್ಟು ಅದನ್ನು ದೀಪದ ಬೆಳಕಿನಲ್ಲಿ ತೋರಿಸಿದ. ಕಲ್ಲು ಅಲಬಾಸ್ಟರ್ ಆದ್ದರಿಂದ ಒಳಗೆ ದೀಪವಿಟ್ಟರೆ ಬದಿಗಳು ಬೆಳಗುತ್ತವೆ. ಬೆಳಕನ್ನು ಸೋಸುವ ಕಲ್ಲು ಎಂಬುದೇ ಅವನಿಗೆ ಅದರ ಆಕರ್ಷಣೆ ಆಗಿದ್ದಿರಬೇಕು.

ಕನ್ನಡದ ಓದುಗರು ದಂತದ ಮೇಜು-ಕುರ್ಚಿಗಳನ್ನೂ ಒಮ್ಮೆ ಕೇಳಿ ನೋಡಬಹುದು. ಅವು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಂದವು ಎಂಬುದು ಸೋನ್‌ನ ನಂಬಿಕೆ. 1799ರ ನಂತರ ಇಂಗ್ಲೆಂಡಿನಲ್ಲಿ ದಂತದ ಪೀಠೋಪಕರಣ ಕಂಡಲ್ಲೆಲ್ಲ ಟಿಪ್ಪುವಿನ ಹೆಸರು ಅಂಟಿಸುವ ರೂಢಿ ಇತ್ತಾದ್ದರಿಂದ, ಬಂಗಾಳದ ಮುರ್ಷಿದಾಬಾದಿನಲ್ಲಿ ಇಂಥ ಕೆಲಸ ನಡೆಯುತ್ತಿದ್ದುದನ್ನು ಬಲ್ಲವರು ಆ ಮಾತನ್ನು ಸ್ವಲ್ಪ ತೂಗಿ ನೋಡುತ್ತಾರೆ.

ಎಲ್ಲ ಇದ್ದದ್ದು ಇದ್ದಂತೆಯೇ ಇರುವುದಕ್ಕೆ ಕಾರಣ 1833ರಲ್ಲಿ ಸೋನ್ ಪಾರ್ಲಿಮೆಂಟಿನಿಂದ ಮಾಡಿಸಿಕೊಂಡ ಕಾಯಿದೆ; ತನ್ನ ಮರಣದ ನಂತರ ಮನೆಯನ್ನು ಆದಷ್ಟೂ ಹಾಗೆಯೇ ಉಳಿಸಬೇಕೆಂದು ಅದರಲ್ಲಿದೆ. ಜಾರ್ಜ್‌ಗೆ ಮನೆ ಸೇರದಂತೆ ನೋಡಿಕೊಳ್ಳುವುದೂ ಅದರ ಉದ್ದೇಶವಾಗಿತ್ತು. ಅದೇ ವರ್ಷ ರಾಬರ್ಟ್ ಆಡಮ್‌ನ ಕಚೇರಿಯ ಸುಮಾರು 8,000ಕ್ಕೂ ಹೆಚ್ಚು ನಕ್ಷೆಗಳನ್ನು ಬರೀ 200 ಪೌಂಡಿಗೆ ಕೊಂಡು ಇಲ್ಲಿ ಸೇರಿಸಿದ. ಆಡಮ್‌ನ ಶೈಲಿ ಆಗ ಯಾರಿಗೂ ಬೇಡವಾಗಿತ್ತು.

ಹೊರಡುವ ಮುನ್ನ ಸೋನ್‌ನ ಶಿಷ್ಯರು ಕೂತು ಬರೆಯುತ್ತಿದ್ದ ನಕ್ಷೆಗಳ ಕೋಣೆಯನ್ನು ನೋಡಲು ಪ್ರಯತ್ನಿಸಿ; ಜೀರ್ಣೋದ್ಧಾರದ ನಂತರ 2023ರಲ್ಲಿ ತೆರೆದ ಇದನ್ನು ಮಾರ್ಗದರ್ಶಿಯೊಂದಿಗೆ ಚಿಕ್ಕ ಗುಂಪಿನಲ್ಲಿ ಮಾತ್ರ ಬಿಡುತ್ತಾರೆ. ಹುಡುಗರು ಬೇಸಿಗೆಯಲ್ಲಿ ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ, ಚಳಿಗಾಲದಲ್ಲಿ ಎಂಟರಿಂದ ಎಂಟರವರೆಗೆ ಇಲ್ಲಿ ದುಡಿಯುತ್ತಿದ್ದರು. ಕೋಣೆಯ ನೆಲ ಕೆಳಗಿನ ಕಂಬಗಳ ಮೇಲೆ ಕೂತಿದೆಯೇ ಹೊರತು ಅಕ್ಕಪಕ್ಕದ ಗೋಡೆಗಳಿಗೆ ತಾಗಿಲ್ಲ. ನಡುವೆ ಸಂದಿ ಬಿಟ್ಟಿದ್ದಾರೆ. ಮೇಜುಗಳ ಮೇಲೆ ಬೀಳುವ ಚಾವಣಿಯ ಬೆಳಕು ಅಲ್ಲಿಗೇ ನಿಲ್ಲದೆ ಆ ಸಂದಿಯಿಂದ ಕೆಳಗಿಳಿದು, ಕಂಬಸಾಲಿನ ಶಿಲ್ಪಗಳನ್ನು ಬೆಳಗುತ್ತದೆ. ಮೇಜಿನ ಪಕ್ಕ ನಿಂತು ಆ ಸಂದಿಯಲ್ಲಿ ಬಗ್ಗಿ ನೋಡಿ, ಎರಡು ದಿನ ತಲೆಯೆತ್ತಿ ಹುಡುಕಿದ ಬೆಳಕು ಈಗ ಕಾಲ ಕೆಳಗೆ ಹೋಗುತ್ತಿರುತ್ತದೆ.